ಅಳತೆ ಪಟ್ಟಿ ಯಾರ ಕೈಯಲ್ಲಿದೆ? ಹೆಣ್ಣು, ದೇಹ, ಸಿನಿಮಾ ಬಗ್ಗೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಬಸ್ಸಿನಲ್ಲಿ, ಆಫೀಸಿನ ಬಿಡುವಿನಲ್ಲಿ, ಊಟಕ್ಕೆ ಕೂತಾಗ, ಕಾಗದಗಳಲ್ಲಿ ಜನ ನನ್ನನ್ನು ಕೇಳುತ್ತಲೇ ಬಂದಿರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ತಿದ್ದಿಲ್ಲ, ಹಾಗೇ ಇಟ್ಟಿದ್ದೇನೆ. ಕೆಲವು ಪ್ರೀತಿಯಿಂದ ಬಂದವು, ಕೆಲವು ಸಿಟ್ಟಿನಿಂದ. ಎರಡಕ್ಕೂ ಕೂತು ಯೋಚಿಸಿ ಉತ್ತರ ಬರೆದಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ನೀವು ಸ್ತ್ರೀವಾದಿ ಅಂತೆ. ಅಂದ್ರೆ ಗಂಡಸರನ್ನ ಕಂಡ್ರೆ ಆಗಲ್ವಾ?

ಆಗುತ್ತೆ. ನಾನು ತುಂಬ ಪ್ರೀತಿಸುವವರಲ್ಲಿ ಅರ್ಧ ಜನ ಗಂಡಸರೇ. ನನಗೆ ಆಗದೇ ಇರುವುದು ಒಂದು ಹಳೇ ಅಭ್ಯಾಸ. ಮನುಷ್ಯ ಅಂದ ಕೂಡಲೇ ಗಂಡಸನ್ನು ನೆನೆಸಿಕೊಳ್ಳುವುದು, ಹೆಣ್ಣನ್ನು ಆಮೇಲೆ ಸೇರಿಸಿಕೊಳ್ಳುವುದು. ಔಷಧಿಯ ಪ್ರಮಾಣದಲ್ಲಿ, ಕಾರಿನ ಸೀಟಿನಲ್ಲಿ, ಸಿನಿಮಾದ ಕಥೆಯಲ್ಲಿ, ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಬೇಕು ಅನ್ನುವುದರಲ್ಲಿ ಈ ಅಭ್ಯಾಸ ಕೂತಿದೆ. ಅದನ್ನು ಗುರುತಿಸಿ ಬದಲಾಯಿಸುವ ಕೆಲಸವನ್ನು ನಾನು ಸ್ತ್ರೀವಾದ ಅನ್ನುತ್ತೇನೆ. ಈ ಕೆಲಸಕ್ಕೆ ಗಂಡಸರೂ ಬೇಕು.

ಸಣ್ಣ ಆಗಿದ್ದೀರಾ ಅಂತ ಹೊಗಳಿದೆ. ಅದಕ್ಕೂ ಮುಖ ಸಣ್ಣಗೆ ಮಾಡ್ಕೊಂಡ್ರಲ್ಲ?

ಆ ತಿಂಗಳು ನಾನು ತುಂಬ ಹತ್ತಿರದವರೊಬ್ಬರನ್ನು ಕಳೆದುಕೊಂಡಿದ್ದೆ. ಊಟ ಸೇರುತ್ತಿರಲಿಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬಟ್ಟೆ ಸಡಿಲವಾಗಿದ್ದು ಅದಕ್ಕೇ. 'ಏನು ಗುಟ್ಟು, ನಮಗೂ ಹೇಳಿ' ಅಂತ ನೀವು ಕೇಳಿದಿರಿ. ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ.

ನಿಮ್ಮ ಮೇಲೆ ನನಗೆ ಕೋಪ ಇಲ್ಲ, ನಿಮಗೆ ಗೊತ್ತಿರಲಿಲ್ಲ. ತೂಕ ಏರಲು ಇಳಿಯಲು ಕಾರಣ ನೂರು ಇರುತ್ತವೆ: ಕಾಯಿಲೆ, ಬಸಿರು, ಮಾತ್ರೆ, ದುಃಖ, ದುಡ್ಡಿನ ತಾಪತ್ರಯ. ಯಾವುದೂ ಮುಖದ ಮೇಲೆ ಬರೆದಿರುವುದಿಲ್ಲ. 'ನಿಮ್ಮನ್ನು ನೋಡಿ ಖುಷಿ ಆಯ್ತು' ಅಂದರೆ ಸಾಕು. ಆ ಮಾತು ಯಾರನ್ನೂ ಯಾವತ್ತೂ ನೋಯಿಸಿಲ್ಲ.

ನಾವು ಕಾಳಜಿಯಿಂದಲೇ ಹೇಳೋದು. ದಪ್ಪ ಇದ್ರೆ ಆರೋಗ್ಯಕ್ಕೆ ಕೆಟ್ಟದಲ್ವಾ?

ತೂಕಕ್ಕೂ ಸಕ್ಕರೆ ಕಾಯಿಲೆಗೂ, ರಕ್ತದ ಒತ್ತಡಕ್ಕೂ, ಮಂಡಿ ನೋವಿಗೂ ಸಂಬಂಧ ಇದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಬ್ಬ ಮನುಷ್ಯನನ್ನು ನೋಡಿದ ಮಾತ್ರಕ್ಕೆ ಅವರ ಆರೋಗ್ಯ ಗೊತ್ತಾಗುವುದಿಲ್ಲ. ಡಾಕ್ಟರಿಗೇ ಗೊತ್ತಾಗುವುದಿಲ್ಲ, ಅದಕ್ಕೇ ಅಲ್ವಾ ಪರೀಕ್ಷೆ ಬರೆದುಕೊಡುವುದು?

ಎಲ್ಲರೂ ಹಿಡಿದುಕೊಂಡಿರುವ ಬಿಎಂಐ ಕಥೆ ಕೇಳಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕ ಹಾಕಿದವನು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ, 1830ರ ದಶಕದಲ್ಲಿ. ಅವನು ವೈದ್ಯನಲ್ಲ. ಖಗೋಳ ಮತ್ತು ಸಂಖ್ಯಾಶಾಸ್ತ್ರದವನು. ಅವನು ಹುಡುಕುತ್ತಿದ್ದದ್ದು 'ಸರಾಸರಿ ಮನುಷ್ಯ'ನನ್ನು, ಅದೂ ಯುರೋಪಿನ ಜನರನ್ನು ಅಳೆದು. ಒಬ್ಬೊಬ್ಬರ ಆರೋಗ್ಯ ಹೇಳಲು ಆ ಲೆಕ್ಕ ಹುಟ್ಟಲೇ ಇಲ್ಲ. ಬಿಎಂಐ ಅನ್ನುವ ಹೆಸರು ಬಂದದ್ದು 1972ರಲ್ಲಿ. 1998ರಲ್ಲಿ ಅಮೆರಿಕದಲ್ಲಿ 'ಹೆಚ್ಚು ತೂಕ' ಅನ್ನುವ ಗೆರೆಯನ್ನು ಸುಮಾರು 27ರಿಂದ 25ಕ್ಕೆ ಇಳಿಸಿದರು. ಎರಡು ಕೋಟಿಗೂ ಹೆಚ್ಚು ಜನ ಒಂದು ಗ್ರಾಂ ಕೂಡ ಏರದೆ ಒಮ್ಮೆಲೇ ದಪ್ಪದವರ ಪಟ್ಟಿಗೆ ಸೇರಿಬಿಟ್ಟರು. 2023ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ತಾನೇ ಹೇಳಿತು, ಬರೀ ಬಿಎಂಐ ನೋಡಿ ತೀರ್ಮಾನಕ್ಕೆ ಬರಬೇಡಿ ಅಂತ.

ನನ್ನದೇ ಒಂದು ಅನುಭವ. ಎರಡು ವರ್ಷ ನನಗೆ ವಿಪರೀತ ಸುಸ್ತು. ಒಂದು ಮಹಡಿ ಹತ್ತಿದರೆ ಏದುಸಿರು. ಒಬ್ಬ ಡಾಕ್ಟರು ಮೂರು ಸಲವೂ ನನ್ನನ್ನು ಮೇಲಿಂದ ಕೆಳಗೆ ನೋಡಿ 'ತೂಕ ಇಳಿಸಿ, ಸರಿ ಹೋಗುತ್ತೆ' ಅಂದರು. ಕೈ ಕೂಡ ಮುಟ್ಟಿ ನೋಡಲಿಲ್ಲ. ಆಮೇಲೆ ಇನ್ನೊಬ್ಬರು ನನ್ನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಪ್ರತಿ ತಿಂಗಳೂ ಹೋಗುತ್ತಿದ್ದ ಅತಿ ರಕ್ತಸ್ರಾವವೇ ಕಾರಣ. ಅದರ ಬಗ್ಗೆ ಮೊದಲಿನವರು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನಿಜವಾದ ಕಾಳಜಿ ಇದ್ದರೆ ಮೊದಲು ಪ್ರಶ್ನೆ ಬರುತ್ತೆ, ಸಲಹೆ ಆಮೇಲೆ.

ಮೇಕಪ್ ಹಾಕ್ತೀರಾ, ಕಾಲಿನ ಕೂದಲು ತೆಗೀತೀರಾ. ಮತ್ತೆ ಎಂಥ ಸ್ತ್ರೀವಾದ?

ಕೆಲವು ದಿನ ಹಾಕುತ್ತೇನೆ, ಕೆಲವು ದಿನ ಇಲ್ಲ. ಎರಡೂ ನನಗೆ ಇಷ್ಟ. ಆದರೆ 'ನನ್ನಿಷ್ಟ' ಅನ್ನುವ ಮಾತು ಎಲ್ಲಿಂದ ಬಂತು ಅಂತಲೂ ಕೇಳಿಕೊಳ್ಳುತ್ತೇನೆ. 1915ರಲ್ಲಿ ಜಿಲೆಟ್ ಕಂಪನಿ ಹೆಂಗಸರಿಗೆ ಅಂತಲೇ ಮೊದಲ ರೇಜರ್ ತಂತು. ತೋಳಿಲ್ಲದ ಉಡುಪು ಅಮೆರಿಕದಲ್ಲಿ ಫ್ಯಾಶನ್ ಆಗುತ್ತಿದ್ದ ಕಾಲ ಅದು. ಕಂಕುಳ ಕೂದಲು ಕೊಳಕು, ನಾಚಿಕೆಗೇಡು ಅಂತ ಜಾಹೀರಾತುಗಳು ಹೇಳತೊಡಗಿದವು. ಆ ನಾಚಿಕೆಯನ್ನು ಮೊದಲು ಮಾರಿದರು, ರೇಜರನ್ನು ಆಮೇಲೆ.

ನನಗೆ ನಾನೇ ಹಾಕಿಕೊಂಡಿರುವ ಪರೀಕ್ಷೆ ಒಂದೇ. ಇದನ್ನು ಮಾಡದೆ ಒಂದು ದಿನ ಹೊರಗೆ ಹೋಗಬಲ್ಲೆನಾ? ಹೋಗಬಲ್ಲೆ ಅಂದರೆ ಅದು ಇಷ್ಟ. ಕಾಲು ಮುಂದೆ ಬರದಿದ್ದರೆ ಅಲ್ಲಿ ಭಯ ಇದೆ. ಆಗ ಆ ಭಯದ ಜೊತೆ ಕೂತು ಮಾತಾಡಬೇಕು. ಅದಕ್ಕಾಗಿ ಯಾರನ್ನೂ ಬೈಯಬೇಕಿಲ್ಲ, ನನ್ನನ್ನೂ.

ಮುಟ್ಟಿನ ವಿಷಯ ಎಲ್ಲರೆದುರು ಮಾತಾಡಲೇಬೇಕಾ?

ನಿಮಗೆ ಮುಜುಗರ ಆದರೆ ಬೇಡ. ಆದರೆ ಮಾತಾಡುವವರ ಬಾಯಿ ಮುಚ್ಚಿಸಬೇಡಿ. ಮಾತೇ ಆಡದಿದ್ದರೆ ನನ್ನಂತೆ ಎರಡು ವರ್ಷ ರಕ್ತ ಕಳೆದುಕೊಂಡರೂ 'ಎಲ್ಲರಿಗೂ ಇಷ್ಟೇ ಆಗುತ್ತೇನೋ' ಅಂತ ಸುಮ್ನೆ ಇದ್ದುಬಿಡುತ್ತೇವೆ. ಪ್ಯಾಡಿನ ಜಾಹೀರಾತಿನಲ್ಲಿ ಎಷ್ಟೋ ದಶಕ ನೀಲಿ ನೀರೇ ಸುರಿಯುತ್ತಿತ್ತು. ಬ್ರಿಟನ್ನಿನಲ್ಲಿ ಒಂದು ಕಂಪನಿ ಕೆಂಪು ದ್ರವ ತೋರಿಸಿದ್ದು 2017ರಲ್ಲಿ, ಅದೇ ದೊಡ್ಡ ಸುದ್ದಿ ಆಯಿತು. ಸ್ಕಾಟ್ಲೆಂಡ್ ಇನ್ನೂ ಮುಂದೆ ಹೋಯಿತು. 2020ರಲ್ಲಿ ಕಾನೂನು ಮಾಡಿ, 2022ರ ಆಗಸ್ಟ್‌ನಿಂದ ಬೇಕಾದವರಿಗೆಲ್ಲ ಪ್ಯಾಡ್, ಟ್ಯಾಂಪನ್ ಉಚಿತವಾಗಿ ಸಿಗುವಂತೆ ಮಾಡಿತು. ಮಾತಾಡಿದ್ದರಿಂದಲೇ ಆದದ್ದು ಅದು.

## ಪರದೆ, ಜಾಹೀರಾತು, ಮೊಬೈಲು

ಸಿನಿಮಾ, ಸೀರಿಯಲ್ಲು ಬರೀ ಮನರಂಜನೆ. ಯಾಕೆ ಅಷ್ಟು ತಲೆ ಕೆಡಿಸ್ಕೋತೀರಾ?

ಫಿಜಿ ದ್ವೀಪದಲ್ಲಿ ಆದದ್ದು ಹೇಳುತ್ತೇನೆ. ಅಲ್ಲಿ ತುಂಬಿದ ಮೈ ಅಂದರೆ ಮನೆಯವರು ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ ಲೆಕ್ಕ. ಸಣ್ಣಗಾದರೆ ಜನ ಗಾಬರಿ ಬೀಳುತ್ತಿದ್ದರು. 1995ರಲ್ಲಿ ಅಲ್ಲಿನ ಒಂದು ಪ್ರಾಂತಕ್ಕೆ ಮೊದಲ ಸಲ ಟಿವಿ ಬಂತು. ಆನ್ ಬೆಕರ್ ಅನ್ನುವ ಸಂಶೋಧಕಿ ಆಗಲೇ ಶಾಲೆಯ ಹುಡುಗಿಯರನ್ನು ಮಾತಾಡಿಸಿದರು. ಮೂರು ವರ್ಷ ಬಿಟ್ಟು 1998ರಲ್ಲಿ ಮತ್ತೆ ಹೋದರು. ತೂಕ ಇಳಿಸಲು ತಾನೇ ವಾಂತಿ ಮಾಡಿಕೊಳ್ಳುವ ಹುಡುಗಿ ಮೊದಲ ಸಲ ಒಬ್ಬಳೂ ಸಿಕ್ಕಿರಲಿಲ್ಲ. ಎರಡನೇ ಸಲ ನೂರಕ್ಕೆ 11 ಜನ. ನಾವು ಪರದೆ ಮೇಲಿನ ಆ ಹುಡುಗಿಯರ ಹಾಗೆ ಆಗಬೇಕು ಅಂತ ಆ ಮಕ್ಕಳೇ ಹೇಳಿದರು.

ಮೂರೇ ವರ್ಷ. ನಾವು ಹುಟ್ಟಿದಾಗಿನಿಂದ ಪರದೆ ನೋಡಿಕೊಂಡೇ ಬೆಳೆದವರು. ನಮ್ಮೊಳಗೆ ಏನೆಲ್ಲ ಇಳಿದಿರಬೇಡ! ನಾನು ಸಿನಿಮಾ ಬಿಟ್ಟಿಲ್ಲ, ಬಿಡುವುದೂ ಇಲ್ಲ. ನನಗೆ ಸಿನಿಮಾ ಹುಚ್ಚು ಜಾಸ್ತಿ. ಪ್ರೀತಿ ಇರುವ ಕಡೆಯೇ ಜಗಳ ಆಡುವುದು ಅಲ್ವಾ.

ಬೆಕ್ಡೆಲ್ ಟೆಸ್ಟ್ ಅಂತ ಯಾವಾಗಲೂ ಹೇಳ್ತೀರಿ. ಏನದು?

ಆಲಿಸನ್ ಬೆಕ್ಡೆಲ್ ಅನ್ನುವ ಅಮೆರಿಕದ ಕಲಾವಿದೆ 1985ರಲ್ಲಿ ಬರೆದ ಒಂದು ಕಾಮಿಕ್‌ನಿಂದ ಬಂದದ್ದು. ಐಡಿಯಾ ಗೆಳತಿಯದು ಅಂತ ಆಕೆ ಹೇಳಿದ್ದಾರೆ. ಸಿನಿಮಾದಲ್ಲಿ ಇಬ್ಬರು ಹೆಂಗಸರಾದರೂ ಇರಬೇಕು. ಅವರು ಒಬ್ಬರ ಜೊತೆ ಒಬ್ಬರು ಮಾತಾಡಬೇಕು. ಮಾತು ಗಂಡಸಿನ ಬಗ್ಗೆ ಅಲ್ಲದೆ ಬೇರೇನಾದರೂ ಇರಬೇಕು. ಅಷ್ಟೇ.

ಇದರಲ್ಲಿ ಪಾಸಾದ ಸಿನಿಮಾ ಒಳ್ಳೆಯದು, ಫೇಲಾದದ್ದು ಕೆಟ್ಟದ್ದು ಅಂತಲ್ಲ. ಒಬ್ಬಳೇ ಹೆಣ್ಣಿನ ಒಳ್ಳೆಯ ಕಥೆ ಇದರಲ್ಲಿ ಫೇಲಾಗುತ್ತೆ. ಒಂದೊಂದೇ ಸಿನಿಮಾಕ್ಕೆ ಹಚ್ಚಿದರೆ ಇದರಿಂದ ಉಪಯೋಗ ಕಡಿಮೆ. ನೀವು ಈ ವರ್ಷ ನೋಡಿದ ಹತ್ತು ಸಿನಿಮಾಗಳನ್ನು ಬರೆದುಕೊಂಡು ಹಚ್ಚಿ ನೋಡಿ. ಆಗ ಕಾಣುತ್ತೆ.

ಹುಡುಗ ಬೆನ್ನು ಬಿದ್ದು ಒಪ್ಪಿಸೋ ಹಾಡುಗಳು ನಿಮಗೂ ಇಷ್ಟ ತಾನೇ? ನಿಜ ಹೇಳಿ.

ಕೆಲವು ಇಷ್ಟ. ಆ ರಾಗ ಕೇಳಿದರೆ ಹದಿನೈದು ವರ್ಷದವಳಾಗಿದ್ದ ದಿನಗಳು ನೆನಪಾಗುತ್ತವೆ. ಆದರೆ ಅದೇ ವಯಸ್ಸಿನಲ್ಲಿ ಒಬ್ಬ ನನ್ನ ಹಿಂದೆ ಮೂರು ತಿಂಗಳು ಬಂದ. ರಸ್ತೆ ಬದಲಾಯಿಸಿದೆ, ಅಲ್ಲಿಗೂ ಬಂದ. ಮನೆಯಲ್ಲಿ ಹೇಳಿದರೆ ಹೊರಗೆ ಹೋಗುವುದೇ ನಿಲ್ಲುತ್ತೆ ಅಂತ ಹೇಳಲಿಲ್ಲ. ಬೇಡ ಅಂದರೆ ಇನ್ನೂ ಪ್ರಯತ್ನ ಮಾಡಬೇಕು ಅಂತ ಅವನು ಎಲ್ಲಿಂದ ಕಲಿತ ಅಂತ ನನಗೆ ಗೊತ್ತು. ನಾವಿಬ್ಬರೂ ಕೇಳುತ್ತಿದ್ದದ್ದು ಒಂದೇ ಹಾಡು.

ಇಷ್ಟಪಟ್ಟದ್ದನ್ನು ಪ್ರಶ್ನೆ ಮಾಡಬಾರದು ಅಂತ ಎಲ್ಲೂ ಇಲ್ಲ. ಒಂದು ಅಭ್ಯಾಸ ಹೇಳಿಕೊಡುತ್ತೇನೆ. ಹಾಡು ಬಂದಾಗ ಕ್ಯಾಮೆರಾ ಎಲ್ಲಿ ನಿಂತಿದೆ ಅಂತ ನೋಡಿ. ಅವನನ್ನು ಮುಖದಿಂದ ಶುರು ಮಾಡಿ ತೋರಿಸುತ್ತೆ. ಅವಳನ್ನು ಎಷ್ಟೋ ಸಲ ಸೊಂಟದಿಂದ, ಕಾಲಿನಿಂದ. ಲಾರಾ ಮಲ್ವೀ ಅನ್ನುವ ಬ್ರಿಟಿಷ್ ಚಿಂತಕಿ 1975ರಲ್ಲೇ ಇದರ ಬಗ್ಗೆ ಬರೆದರು, ಗಂಡು ನೋಟ ಅಂತ ಕರೆದರು. ನೋಡುವವನು ಅವನು, ನೋಡಿಸಿಕೊಳ್ಳುವವಳು ಅವಳು. ಒಮ್ಮೆ ಇದು ಕಣ್ಣಿಗೆ ಬಿದ್ದರೆ ಮತ್ತೆ ಕಾಣದೇ ಇರುವುದಿಲ್ಲ.

ಬಾರ್ಬಿ ಬೊಂಬೆ ಕೊಡಿಸಬಹುದಾ?

ಕೊಡಿಸಿ, ಜೊತೆಗೆ ಬೇರೆ ಬೊಂಬೆಗಳನ್ನೂ ಕೊಡಿಸಿ. 1959ರಲ್ಲಿ ಬಂದ ಬೊಂಬೆ ಅದು. 1963ರಲ್ಲಿ ಅದರ ಒಂದು ಸೆಟ್ಟಿನ ಜೊತೆ ತೂಕ ಇಳಿಸುವ ಪುಟಾಣಿ ಪುಸ್ತಕ ಇತ್ತು. ಅದರ ಹಿಂದೆ ಇದ್ದ ಸಲಹೆ: ತಿನ್ನಬೇಡ. ಎರಡು ವರ್ಷ ಬಿಟ್ಟು ಬಂದ ಸೆಟ್ಟಿನಲ್ಲಿ ತೂಕದ ಯಂತ್ರವನ್ನೂ ಇಟ್ಟರು, ಮುಳ್ಳು 110 ಪೌಂಡಿಗೆ, ಅಂದರೆ ಸುಮಾರು 50 ಕೆಜಿಗೆ, ಅಂಟಿಕೊಂಡಿತ್ತು. ದುಂಡಗಿನ, ಗಿಡ್ಡಗಿನ, ಎತ್ತರದ ಬಾರ್ಬಿಗಳು ಬರಲು 2016 ಆಗಬೇಕಾಯಿತು. ಬಂದದ್ದು ಒಳ್ಳೆಯದೇ ಆಯಿತು.

ಎಲ್ರೂ ಫಿಲ್ಟರ್ ಹಾಕ್ತಾರೆ. ನಾನೊಬ್ಬಳು ಹಾಕದೇ ಇದ್ರೆ ಏನು ಬದಲಾಗುತ್ತೆ?

ನಿಮ್ಮೊಬ್ಬರ ಮೇಲೆ ಈ ಭಾರ ಹೊರಿಸಲು ನನಗೆ ಮನಸ್ಸಿಲ್ಲ. ಇದು ಕಾನೂನಿನ ಕೆಲಸ. ಫ್ರಾನ್ಸ್‌ನಲ್ಲಿ 2017ರಿಂದ, ಜಾಹೀರಾತಿನಲ್ಲಿ ಮಾಡೆಲ್‌ನ ಮೈಯನ್ನು ಕಂಪ್ಯೂಟರಿನಲ್ಲಿ ತಿದ್ದಿದ್ದರೆ 'ತಿದ್ದಿದ ಫೋಟೊ' ಅಂತ ಬರೆಯಲೇಬೇಕು. ನಾರ್ವೆಯಲ್ಲಿ 2022ರ ಜುಲೈನಿಂದ ಹೀಗೇ ಇದೆ, ಅಲ್ಲಿ ದುಡ್ಡು ಪಡೆದು ಫೋಟೊ ಹಾಕುವ ಇನ್‌ಫ್ಲುಯೆನ್ಸರ್‌ಗಳಿಗೂ ಅನ್ವಯ ಆಗುತ್ತೆ. ಒಂದೇ ಮಾತು: ಫಿಲ್ಟರ್ ತೆಗೆದ ಮೇಲೆ ನಿಮ್ಮ ಮುಖವೇ ನಿಮಗೆ ತಪ್ಪಾಗಿ ಕಾಣತೊಡಗಿದರೆ, ಸ್ವಲ್ಪ ದಿನ ಬಿಟ್ಟಿರಿ.

## ಸ್ವಲ್ಪ ಆಳದ ಪ್ರಶ್ನೆಗಳು

ಸಮಾನ ಸಮಾನ ಅಂತೀರಿ. ಆದ್ರೆ ಗಂಡು ಹೆಣ್ಣಿನ ದೇಹ ಬೇರೆ ಬೇರೆ ತಾನೇ?

ಬೇರೆ ಬೇರೆಯೇ. ಅದನ್ನು ಮರೆತವರು ಯಾರು ಅನ್ನುವುದು ಪ್ರಶ್ನೆ.

ಝೋಲ್ಪಿಡೆಮ್ ಅಂತ ನಿದ್ದೆ ಮಾತ್ರೆ ಇದೆ. ಹೆಂಗಸರ ದೇಹದಿಂದ ಅದು ಹೊರಗೆ ಹೋಗುವುದು ನಿಧಾನ. ರಾತ್ರಿ ನುಂಗಿದ್ದು ಬೆಳಿಗ್ಗೆ ಗಾಡಿ ಓಡಿಸುವಾಗಲೂ ರಕ್ತದಲ್ಲಿ ಉಳಿದಿರುತ್ತೆ. ಅಮೆರಿಕದಲ್ಲಿ ಈ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಹೆಂಗಸರಿಗೆ ಅರ್ಧ ಸಾಕು, 10 ಮಿಲಿಗ್ರಾಂ ಬದಲು 5 ಅಂತ ಅಲ್ಲಿನ ಔಷಧಿ ಇಲಾಖೆ ಹೇಳಿದ್ದು 2013ರಲ್ಲಿ. ಇಪ್ಪತ್ತು ವರ್ಷ ಹೆಂಗಸರು ಎರಡು ಪಟ್ಟು ನುಂಗಿದರು. ಇದಕ್ಕೂ ಹಿಂದೆ, 1977ರಲ್ಲಿ, ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಔಷಧಿಗಳ ಮೊದಲ ಹಂತದ ಪ್ರಯೋಗಗಳಿಂದ ದೂರ ಇಡಿ ಅಂತ ಅದೇ ಇಲಾಖೆ ಸೂಚನೆ ಕೊಟ್ಟಿತ್ತು. ಅದನ್ನು ತೆಗೆದದ್ದು 1993ರಲ್ಲಿ.

ಕಾರಿನದ್ದೂ ಇದೇ ಕಥೆ. ಡಿಕ್ಕಿ ಪರೀಕ್ಷೆಗೆ ಕೂರಿಸುವ ಬೊಂಬೆ ದಶಕಗಳ ಕಾಲ ಸರಾಸರಿ ಗಂಡಸಿನ ಅಳತೆಯದು. ಹೆಣ್ಣು ಬೊಂಬೆ ಅಂತ ಬಳಸುತ್ತಿದ್ದದ್ದು ಹೆಚ್ಚುಕಡಿಮೆ ಅದನ್ನೇ ಕುಗ್ಗಿಸಿದ್ದು, ಒಂದು ಹನ್ನೆರಡು ವರ್ಷದ ಹುಡುಗಿಯಷ್ಟು. ಹೆಣ್ಣಿನ ಕತ್ತು, ಸೊಂಟದ ಮೂಳೆ, ಕೂರುವ ಭಂಗಿ ಯಾವುದೂ ಲೆಕ್ಕದಲ್ಲಿರಲಿಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದವರು 2019ರಲ್ಲಿ ಹೇಳಿದ್ದು: ಬೆಲ್ಟ್ ಹಾಕಿದ್ದರೂ, ಎದುರಿನ ಡಿಕ್ಕಿಯಲ್ಲಿ ಹೆಂಗಸರಿಗೆ ಗಂಭೀರ ಗಾಯ ಆಗುವ ಸಾಧ್ಯತೆ ಗಂಡಸರಿಗಿಂತ 73 ಶೇಕಡ ಜಾಸ್ತಿ. ಸರಾಸರಿ ಹೆಣ್ಣಿನ ಅಳತೆಯ ಬೊಂಬೆಯನ್ನು ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಮತ್ತು ತಂಡ ತೋರಿಸಿದ್ದು 2022ರಲ್ಲಿ.

ಸಮಾನತೆ ಅಂದರೆ ಎಲ್ಲರಿಗೂ ಒಂದೇ ಅಳತೆಯ ಅಂಗಿ ಅಂತ ನಾನು ಯಾವತ್ತೂ ಹೇಳಿಲ್ಲ. ಪ್ರತಿಯೊಬ್ಬರ ಅಳತೆಯನ್ನೂ ತೆಗೆಯಬೇಕು ಅನ್ನುತ್ತೇನೆ.

ನಿಮ್ಮ ದೇಹವನ್ನು ಪ್ರೀತಿಸಿ ಅಂತಾರೆ. ನನ್ನ ಕೈಲಿ ಆಗ್ತಿಲ್ಲ. ನಾನು ಸೋತೆನಾ?

ಈ ಕಾಗದ ಓದಿ ನನಗೆ ಅಳು ಬಂತು. ಇಲ್ಲ, ನೀವು ಸೋತಿಲ್ಲ.

ದಪ್ಪ ಇರುವವರ ಹಕ್ಕಿನ ಹೋರಾಟ ಅಮೆರಿಕದಲ್ಲಿ ಸಂಘವಾಗಿ ಶುರುವಾದದ್ದು 1969ರಲ್ಲಿ. ಅವರು ಕೇಳಿದ್ದು ಕೆಲಸ, ಚಿಕಿತ್ಸೆ, ಕೂರಲು ಸರಿಯಾದ ಜಾಗ, ಮರ್ಯಾದೆ. ಕನ್ನಡಿ ಮುಂದೆ ನಿಂತು ನಿಮ್ಮನ್ನು ನೀವು ಪ್ರೀತಿಸಿ ಅನ್ನುವುದು ಆಮೇಲೆ ದೊಡ್ಡದಾಯಿತು. ಕ್ರೀಮು ಮಾರುವವರಿಗೂ ಅದು ಅನುಕೂಲ ಆಯಿತು. ಪ್ರೀತಿಸುವುದೂ ಒಂದು ಹೋಂವರ್ಕ್ ಆಗಿಬಿಟ್ಟರೆ, ಅದನ್ನು ಮಾಡದವರಿಗೆ ಇನ್ನೊಂದು ನಾಚಿಕೆ.

ನಾನು ಇದಕ್ಕಿಂತ ಚಿಕ್ಕದನ್ನು ಹಿಡಿದುಕೊಂಡಿದ್ದೇನೆ. ನನ್ನ ತೊಡೆಗಳನ್ನು ನಾನು ಪ್ರೀತಿಸಬೇಕಿಲ್ಲ. ಅವಕ್ಕೆ ಅಳತೆಗೆ ಸರಿಯಾದ ಬಟ್ಟೆ ಕೊಡಿಸಬೇಕು. ಎಷ್ಟೋ ವರ್ಷ 'ಸಣ್ಣ ಆದಾಗ ಹಾಕ್ಕೋತೀನಿ' ಅಂತ ಬಿಗಿ ಪ್ಯಾಂಟು ಇಟ್ಟುಕೊಂಡಿದ್ದೆ. ದಿನವೂ ಬೀರು ಬಾಗಿಲು ತೆಗೆದರೆ ಅದೇ ಕಾಣುತ್ತಿತ್ತು. ಒಂದು ದಿನ ಕೊಟ್ಟುಬಿಟ್ಟೆ. ಹೊಸದು ತಂದ ದಿನ ಸೊಂಟದ ಸುತ್ತ ಕೆಂಪು ಗೆರೆ ಬೀಳಲಿಲ್ಲ. ಸಂಜೆಯವರೆಗೂ ದೇಹದ ನೆನಪೇ ಆಗಲಿಲ್ಲ. ಅಷ್ಟು ಸಾಕು ನನಗೆ.

ಗಂಡು ಹುಡುಗರಿಗೂ ಈ ಕಷ್ಟ ಇಲ್ವಾ? ಅವರ ಬಗ್ಗೆ ಯಾಕೆ ಮಾತಾಡಲ್ಲ?

ಖಂಡಿತ ಇದೆ. 1964ರಿಂದ ಬರುತ್ತಿರುವ ಜಿ.ಐ. ಜೋ ಅನ್ನುವ ಸೈನಿಕ ಬೊಂಬೆಯನ್ನು ಕೆಲವು ಸಂಶೋಧಕರು ವರ್ಷವರ್ಷದ್ದೂ ತಂದು ಅಳೆದರು. ಬರಬರುತ್ತ ಎದೆ, ತೋಳು ಊದುತ್ತಲೇ ಹೋಗಿದ್ದವು, ಕೊನೆಕೊನೆಯವು ದೇಹದಾರ್ಢ್ಯ ಪಟುಗಳನ್ನೂ ಮೀರಿಸಿದ್ದವು. ಕುಳ್ಳ, ಬೋಳ, ಸಣಕಲ ಅನ್ನುವ ಮಾತು ಗಂಡಸರಿಗೆ ತಮಾಷೆಯಾಗಿ ಬೀಳುತ್ತೆ. ನಗದಿದ್ದರೆ 'ಇಷ್ಟಕ್ಕೆಲ್ಲಾ ಬೇಜಾರಾ' ಅಂತಾರೆ. ಅಳುವ ಹಕ್ಕೂ ಇಲ್ಲದ ಹುಡುಗನ ನೋವು ನನ್ನದಕ್ಕಿಂತ ಕಡಿಮೆ ಅಂತ ನಾನು ಹೇಳಲಾರೆ.

ಹೆಂಗಸರ ಸಮಸ್ಯೆ ಎಲ್ಲಾ ಹೆಂಗಸರಿಗೂ ಒಂದೇ ಅಲ್ವಾ? ಬಣ್ಣ, ವರ್ಗ ಅಂತ ಯಾಕೆ ಒಡೀತೀರಾ?

ಒಡೆದದ್ದು ನಾವಲ್ಲ, ಮೊದಲೇ ಒಡೆದಿತ್ತು. ಅಮೆರಿಕದಲ್ಲಿ ಐವರು ಕಪ್ಪು ಮಹಿಳೆಯರು, ನಮಗೆ ಭೇದ ಮಾಡಿದ್ದಾರೆ ಅಂತ, ಕಾರು ತಯಾರಿಸುವ ಜನರಲ್ ಮೋಟರ್ಸ್ ಕಂಪನಿ ಮೇಲೆ ಕೇಸು ಹಾಕಿದ್ದರು. ಕಂಪನಿ ಹೆಂಗಸರನ್ನು ಕೆಲಸಕ್ಕೆ ತಗೊಂಡಿತ್ತು, ಅವರು ಬಿಳಿಯರು. ಕಪ್ಪು ಜನರನ್ನು ತಗೊಂಡಿತ್ತು, ಅವರು ಗಂಡಸರು. 1976ರಲ್ಲಿ ಕೋರ್ಟು, ಬಣ್ಣದ ಭೇದ, ಹೆಣ್ಣು ಅನ್ನುವ ಭೇದ ಎರಡನ್ನೂ ಸೇರಿಸಿ ಹೊಸ ದೂರು ಮಾಡಲು ಆಗುವುದಿಲ್ಲ ಅಂದಿತು. ಈ ಐವರು ಬಿದ್ದ ಸಂದಿಗೆ ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್ಶಾ 1989ರಲ್ಲಿ ಒಂದು ಹೆಸರು ಕೊಟ್ಟರು, ಇಂಟರ್‌ಸೆಕ್ಷನಾಲಿಟಿ. ಎರಡು ರಸ್ತೆ ಕೂಡುವ ಜಾಗದಲ್ಲಿ ನಿಂತವಳಿಗೆ ಎರಡೂ ಕಡೆಯಿಂದ ಗಾಡಿ ಗುದ್ದುತ್ತೆ.

ಫೋಟೊದಲ್ಲೂ ಇದೇ ಆಗಿದೆ. ಬಣ್ಣದ ಫಿಲ್ಮ್ ಸರಿಯಾಗಿ ಬಂದಿದೆಯಾ ಅಂತ ನೋಡಲು ಕೊಡಾಕ್ ಕಂಪನಿ ದಶಕಗಳ ಕಾಲ ಒಬ್ಬ ಬಿಳಿ ಹೆಂಗಸಿನ ಚಿತ್ರದ ಕಾರ್ಡು ಕೊಡುತ್ತಿತ್ತು. ಶರ್ಲಿ ಕಾರ್ಡು ಅಂತ ಅದರ ಹೆಸರು. ಅವಳ ಚರ್ಮ ಸರಿ ಕಂಡರೆ ಫೋಟೊ ಸರಿ. ಕಪ್ಪು ಮುಖ ಆ ಫಿಲ್ಮಿನಲ್ಲಿ ಕಣ್ಣು ಹಲ್ಲು ಬಿಟ್ಟರೆ ಏನೂ ಕಾಣದಂತೆ ಬರುತ್ತಿತ್ತು. ಕಂಪನಿ ಫಿಲ್ಮ್ ಸುಧಾರಿಸಲು ಒಂದು ಕಾರಣ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾರುವವರ ದೂರು. ಅವರಿಗೆ ಬೇರೆ ಬೇರೆ ಕಂದು ಬಣ್ಣ ಸರಿಯಾಗಿ ಕಾಣಬೇಕಿತ್ತು. ಇದನ್ನು ಓದಿದ ದಿನ ನನ್ನ ಹಳೇ ಗ್ರೂಪ್ ಫೋಟೊಗಳನ್ನು ತೆಗೆದು ನೋಡಿದೆ. ಕಪ್ಪಗಿರುವ ನನ್ನ ಗೆಳತಿ ಪ್ರತಿ ಫೋಟೊದಲ್ಲೂ ಹಿಂದೆ ನಿಂತಿದ್ದಳು. ನಾನು ಅದನ್ನು ಅಷ್ಟು ವರ್ಷ ಗಮನಿಸಿಯೇ ಇರಲಿಲ್ಲ.

ಮೀ ಟೂ ಅಂತ ಅಷ್ಟು ವರ್ಷ ಆದ್ಮೇಲೆ ಹೇಳ್ತಾರಲ್ಲ. ಆಗಲೇ ಯಾಕೆ ಹೇಳಲಿಲ್ಲ?

ಎಷ್ಟೋ ಜನ ಆಗಲೇ ಹೇಳಿರುತ್ತಾರೆ. ಅಕ್ಕನಿಗೆ, ಗೆಳತಿಗೆ, ಮೇಲಿನ ಅಧಿಕಾರಿಗೆ. ಕೇಳಿದವರು 'ಬಿಡು, ದೊಡ್ಡದು ಮಾಡಬೇಡ' ಅಂದಿರುತ್ತಾರೆ. ಮೀ ಟೂ ಅಂದರೆ 'ನನಗೂ ಹೀಗಾಗಿದೆ', ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಮಾತು. ಅಮೆರಿಕದ ಕಾರ್ಯಕರ್ತೆ ತರಾನಾ ಬರ್ಕ್ ಈ ಎರಡು ಪದ ಬಳಸಲು ಶುರು ಮಾಡಿದ್ದು 2006ರಲ್ಲಿ, ಬಡ ಕಪ್ಪು ಹುಡುಗಿಯರ ಜೊತೆ ಕೆಲಸ ಮಾಡುವಾಗ. ಲೋಕ ಕೇಳಿಸಿಕೊಂಡದ್ದು 2017ರ ಅಕ್ಟೋಬರಿನಲ್ಲಿ, ಸಿನಿಮಾ ನಟಿಯರು ಹೇಳಿದಾಗ. ಹೇಳಿದ್ದು ತಡವಾಯಿತಾ, ಕೇಳಿಸಿಕೊಂಡದ್ದು ತಡವಾಯಿತಾ?

ಹೀಗೆ ತಪ್ಪು ಮಾಡಿದ ಕಲಾವಿದರ ಕೆಲಸ ನೋಡಬಹುದಾ?

ನನಗೂ ಇದು ಕಷ್ಟದ ಪ್ರಶ್ನೆ. ನನ್ನ ದುಡ್ಡು ಅವರ ಕೈಗೆ ಅಧಿಕಾರ ಕೊಡುತ್ತೆ ಅಂದರೆ ಟಿಕೆಟ್ ತಗೊಳ್ಳುವುದಿಲ್ಲ. ಹಳೆಯ ಕೆಲಸ ನೋಡಿದರೆ, ಆದದ್ದನ್ನು ಮರೆತು ನೋಡುವುದಿಲ್ಲ. ನೀವು ಬೇರೆ ಕಡೆ ಗೆರೆ ಎಳೆದುಕೊಂಡರೆ ನಿಮ್ಮ ಜೊತೆ ಜಗಳಕ್ಕೆ ಬರುವುದಿಲ್ಲ. ನೊಂದವಳನ್ನು ಸುಳ್ಳಿ ಅಂದರೆ ಬರುತ್ತೇನೆ.

ಎಂಟು ವರ್ಷದ ಮಗಳು ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಲ್ತಾಳೆ. ಏನು ಹೇಳಲಿ?

ನನ್ನ ತಂಗಿಯ ಮಗಳೂ ಹೀಗೇ ನಿಂತಿದ್ದಳು. ಫ್ರಾಕನ್ನು ಹಿಂದಿನಿಂದ ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಉಸಿರು ಕಟ್ಟಿ. ಕತ್ತಿನ ನರ ಎದ್ದಿತ್ತು. ಯಾಕೆ ಪುಟ್ಟಾ ಅಂದೆ. 'ಅಮ್ಮ ಫೋಟೊಗೆ ಹೀಗೇ ನಿಲ್ತಾಳೆ' ಅಂದಳು. ತಂಗಿ ಬಾಗಿಲಲ್ಲೇ ಇದ್ದಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

'ನೀನು ದಪ್ಪ ಇಲ್ಲ, ಚೆನ್ನಾಗಿದ್ದೀಯ' ಅಂತ ಹೇಳಬೇಡಿ. ಹಾಗಂದರೆ ದಪ್ಪ ಇದ್ದರೆ ಚೆನ್ನಾಗಿಲ್ಲ ಅಂತ ಅವಳು ಕಲಿಯುತ್ತಾಳೆ. ಯಾರಾದರೂ ಏನಾದರೂ ಅಂದರಾ ಅಂತ ಕೇಳಿ. ಕೇಳಿ ಸುಮ್ಮನಿರಿ, ಅವಳೇ ಹೇಳುತ್ತಾಳೆ. ಮನೆಯಲ್ಲಿ ನಿಮ್ಮ ಮೈಯನ್ನು ನೀವು ಬೈಯುವುದನ್ನು ನಿಲ್ಲಿಸಿ. ನೆಂಟರು ಅವಳ ಮೈ ಬಗ್ಗೆ ಮಾತು ತೆಗೆದರೆ ಅವಳೆದುರೇ ತಡೆಯಿರಿ, ಆಮೇಲೆ ಅಲ್ಲ. ನನ್ನ ತಂಗಿ ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿದಳು.

ಊಟ ಬಿಡುವುದು, ಊಟ ಆದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಬೇಸಿಗೆಯಲ್ಲೂ ದೊಗಲೆ ಬಟ್ಟೆಯೊಳಗೆ ಅಡಗುವುದು ಕಂಡರೆ ಕಾಯಬೇಡಿ. ಮಕ್ಕಳ ಡಾಕ್ಟರ ಹತ್ತಿರ ಅಥವಾ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅವಳೆದುರು ತೂಕ ಜೋರಾಗಿ ಓದಬೇಡಿ ಅಂತ ಅವರಿಗೂ ಮೊದಲೇ ಹೇಳಿ.